ತೂತು ಕೊರೆಯದೆ ಮಡ್ ಫ್ಲಾಪ್ ಹಾಕಿಸಿದ ಕಥೆ

ಈ ಸಲ ಬರೆಯಬೇಕೆಂದುಕೊಂಡಿದ್ದು ಸೂರತ್‌ನ ಗಣಪತಿ ಹಬ್ಬದ ತಯಾರಿ ಬಗ್ಗೆ. ಆದರೆ ಜುಲೈ ಮೊದಲ ವಾರ ಲಿಂಬಾಯತ್ ಹತ್ತಿರ ನಮ್ಮ ಪಿಕಪ್ ಮಾಡಿದ ಒಂದು ಕೆಲಸದಿಂದಾಗಿ ಹದಿನೈದು ದಿನ ನನ್ನ ತಲೆಯಲ್ಲಿ ರಬ್ಬರ್ ಬಿಟ್ಟರೆ ಬೇರೇನೂ ಓಡಲಿಲ್ಲ. ಹಾಗಾಗಿ ಈ ತಿಂಗಳ ಅಂಕಣ ಮಡ್ ಫ್ಲಾಪ್ ಬಗ್ಗೆ. ಗಾಡಿ ಇಲ್ಲದವರು ಮುಂದಿನ ಬರಹಕ್ಕೆ ಹೋಗಬಹುದು. ಸ್ಕೂಟರ್‌ನಲ್ಲಿ ಓಡಾಡುವವರು ಮಾತ್ರ ಇರಿ, ಇದು ನಿಮ್ಮ ವಿಷಯವೂ ಹೌದು.

ಹೊಸದಾಗಿ ಓದುತ್ತಿರುವವರಿಗೆ ಒಂದೆರಡು ಮಾತು. ನಮ್ಮ ಊರು ಬನಹಟ್ಟಿ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನ ನೀರು ಬಂದು ಸೂರತ್ ಮುಳುಗಿತಲ್ಲ, ಅದರ ಮರುವರ್ಷ ಇಲ್ಲಿಗೆ ಬಂದವನು ನಾನು. ಒಂದು ಪಿಕಪ್ ಇಟ್ಟುಕೊಂಡು ಬಟ್ಟೆ ಸಾಗಿಸುತ್ತೇನೆ. ಓಡಿಸುವವನು ಅಕ್ಕನ ಮಗ. ಇಲ್ಲಿ ಬಟ್ಟೆ ಒಂದು ಕಡೆ ಕೂರುವುದಿಲ್ಲ. ಮಗ್ಗದಿಂದ ಇಳಿದ ಗ್ರೇ ತಾಕಾ ಪಾಂಡೇಸರಾಕ್ಕೋ ಸಚಿನ್‌ಗೋ ಬಣ್ಣಕ್ಕೆ ಹೋಗುತ್ತದೆ. ಅಲ್ಲಿಂದ ರಿಂಗ್ ರೋಡಿನ ಮಾರ್ಕೆಟ್‌ಗಳಿಗೆ ಬರುತ್ತದೆ. ಅಲ್ಲಿ ಸೀರೆಯಾಗಿ ಕತ್ತರಿಸಿ, ಲೇಸ್ ಹೊಲಿಯಲಿಕ್ಕೆ, ಹರಳು ಅಂಟಿಸಲಿಕ್ಕೆ ಲಿಂಬಾಯತ್, ಡಿಂಡೋಲಿ ಕಡೆಯ ಮನೆಮನೆಗೆ ಹೋಗುತ್ತದೆ. ಮತ್ತೆ ವಾಪಸ್ ಬಂದು ಮಡಿಕೆಯಾಗಿ ಡಬ್ಬಿ ಸೇರುತ್ತದೆ. ನಿಮ್ಮ ಚಿಕ್ಕಪೇಟೆಯ ಅಂಗಡಿಯವರು ಆ ಡಬ್ಬಿ ಬಿಚ್ಚುವ ಹೊತ್ತಿಗೆ ಒಂದು ಸೀರೆ ಈ ಊರನ್ನು ನಾಲ್ಕೈದು ಸಲ ಸುತ್ತಿರುತ್ತದೆ. ಮಳೆಗಾಲದಲ್ಲಿ ಅಷ್ಟೂ ಸುತ್ತು ನೀರಲ್ಲೇ. ಖಾಡಿ ಅಂತ ಕರೆಯುವ ಹಳ್ಳಗಳು ಉಕ್ಕುತ್ತವೆ, 2021ರಿಂದ ಮೆಟ್ರೋ ಕೆಲಸದ ಅಗೆತ ಬೇರೆ. ಗುಜರಾತಿಯಲ್ಲಿ ಕೆಸರಿಗೆ ‘ಕಾದವ್’ ಅನ್ನುತ್ತಾರೆ. ಜೂನ್ ಹದಿನೈದರಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅತಿ ಹೆಚ್ಚು ಕೇಳುವ ಪದ ಅದೇ ಇರಬೇಕು.

ಅವತ್ತು ಗಾಡಿ ಖಾಲಿ ಇತ್ತು. ಮಾಲು ಇಳಿಸಿ ವಾಪಸ್ ಬರುತ್ತಿದ್ದೆವು, ನಾನು ಪಕ್ಕದ ಸೀಟಿನಲ್ಲಿದ್ದೆ. ರಸ್ತೆ ಬದಿಯ ನೀರಿನಲ್ಲಿ ಎಡಗಡೆ ಗಾಲಿ ಹೋಯಿತು. ಹಿಂದೆ ಯಾರೋ ಜೋರಾಗಿ ಕೂಗಿದರು. ಕನ್ನಡಿಯಲ್ಲಿ ನೋಡಿದರೆ ಸ್ಕೂಟರ್ ನಿಲ್ಲಿಸಿ ಒಬ್ಬ ಹೆಣ್ಣುಮಗಳು ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಕಾಲಿಡುವ ಜಾಗದಲ್ಲಿ ಸೀರೆಯ ಗಂಟು. ಪ್ಲಾಸ್ಟಿಕ್ ಹೊದಿಸಿದ್ದಳು, ಆದರೆ ಮೇಲಿನ ಬಾಯಿ ತೆರೆದಿತ್ತು. ಕೆಸರು ನೇರ ಅಲ್ಲಿಗೇ ಹೋಗಿತ್ತು.

ಇಳಿದು ಹೋದೆ. ಬೈಯಬಹುದು ಅಂದುಕೊಂಡಿದ್ದೆ, ಬೈಯಲಿಲ್ಲ. ಖಾಂದೇಶದ ಮರಾಠಿಯವಳು, ಗಂಟು ಬಿಚ್ಚಿ ಒಂದೊಂದೇ ಸೀರೆ ತೆಗೆದು ನೋಡಿದಳು. ಏಳಕ್ಕೆ ಕಲೆ. ಹರಳು ಅಂಟಿಸಿ ಮುಗಿಸಿ ವ್ಯಾಪಾರಿಗೆ ಕೊಡಲು ಹೊರಟಿದ್ದ ಮಾಲು. “ತಿಕ್ಕಿದರೆ ಹರಳು ಕಿತ್ತು ಬರುತ್ತವೆ ಭಾವೂ, ತಿಕ್ಕದಿದ್ದರೆ ಕಲೆ ಹೋಗುವುದಿಲ್ಲ. ಏನು ಮಾಡಲಿ ನೀವೇ ಹೇಳಿ,” ಅಂದಳು. ಈ ಕೆಲಸದಲ್ಲಿ ಸೀರೆಗೆ ಇಷ್ಟು ಎಂದು ಕೂಲಿ. ಸೀರೆ ಕೆಟ್ಟರೆ ಅದರ ಬೆಲೆ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ. ನಾಲ್ಕು ಸೀರೆ ಹೇಗೋ ನೀರಿಗೆ ಅದ್ದಿ ಎತ್ತಿದ ಮೇಲೆ ಸರಿಹೋದವು, ಮೂರು ಸೆಕೆಂಡ್ಸ್ ಆದವು. ಆ ಮೂರರ 1,100 ರೂಪಾಯಿ ನಾನೇ ವ್ಯಾಪಾರಿಗೆ ಕೊಟ್ಟು ಬಂದೆ. ಅವಳ ಕೂಲಿ ಉಳಿಯಿತು. ಆದರೆ ಆ ವಾರ ಅವಳಿಗೆ ಹೊಸ ಗಂಟು ಕೊಡಲಿಕ್ಕೆ ವ್ಯಾಪಾರಿ ಎರಡು ದಿನ ಸತಾಯಿಸಿದ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ ನಾನೇನೂ ಕೊಡಲಿಲ್ಲ, ಕೊಡಬೇಕಿತ್ತು.

ಗಾಡಿ ಹಿಂದೆ ಬಗ್ಗಿ ನೋಡಿದರೆ ಎಡಗಡೆ ಫ್ಲಾಪ್ ಇದ್ದ ಜಾಗದಲ್ಲಿ ಎರಡು ಬೋಲ್ಟು, ಅದರಲ್ಲಿ ಸಿಕ್ಕಿಕೊಂಡ ಬೆರಳುದ್ದದ ರಬ್ಬರ್. ಸಚಿನ್‌ನಲ್ಲಿ ರಿವರ್ಸ್ ಹಾಕುವಾಗ ಟೈರ್ ಮತ್ತು ಕಟ್ಟೆಯ ನಡುವೆ ಸಿಕ್ಕಿ ಹರಿದದ್ದು.

“ಮಾವಾ, ಅದು ಹ್ವಾದದ್ದು ನನಗ ಗೊತ್ತಿತ್ತು. ಒಂದು ಫ್ಲಾಪಿನ ಸಲುವಾಗಿ ಯಾಕ ಗ್ಯಾರೇಜಿಗೆ ಹೋಗೂದಂತ ಬಿಟ್ಟೆ.”

“ನೀ ಒಬ್ಬನ ಬಿಟ್ಟಿಲ್ಲಲೇ, ನಾನೂ ನೋಡೇನಿ.”

ನಿಜ. ಮೇ ತಿಂಗಳಲ್ಲೇ ನೋಡಿದ್ದೆ. ನಮ್ಮ ಗಾಡಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ, ಅದಕ್ಕೇ ಮುಂದಕ್ಕೆ ಹಾಕಿದ್ದೆ. ಬ್ರೇಕ್ ಲೈನರ್ ಆಗಿದ್ದರೆ ಅವತ್ತೇ ಹೋಗುತ್ತಿದ್ದೆ. ‘ಕೆಟ್ಟ ಕಣ್ಣಿನವನ ಮುಖ ಕಪ್ಪಾಗಲಿ’ ಅಂತ ಹಿಂದೆ ಬರೆಸಿಕೊಂಡ ಲಾರಿಗಳು ಫ್ಲಾಪೇ ಇಲ್ಲದೆ ಓಡಾಡುತ್ತವೆ. ಒಳ್ಳೆ ಕಣ್ಣಿನವನ ಮುಖವೂ ಕಪ್ಪಾಗುತ್ತದೆ. ನಾವು ಅದೇ ಗುಂಪಿಗೆ ಸೇರಿದ್ದೆವು.

ಮರುದಿನ ಗ್ಯಾರೇಜಿಗೆ ಹೋದರೆ ಅವನು ಹೊಸ ಫ್ಲಾಪ್ ಹಿಡಿದು ಡ್ರಿಲ್ ಮಷೀನ್ ತೆಗೆದೇಬಿಟ್ಟ. ಹತ್ತು ನಿಮಿಷದ ಕೆಲಸ, ನಾಲ್ಕು ಗಾಲಿಗೂ ಹೊಡೆದುಕೊಡುತ್ತೇನೆ ಅಂದ. ನಾನು ಕೈ ಹಿಡಿದು ನಿಲ್ಲಿಸಿದೆ. ನನ್ನ ಹಿಂದಿನ ಗಾಡಿ ಸೆಕೆಂಡ್ ಹ್ಯಾಂಡ್. ಅದರ ಮುಂದಿನ ಎರಡೂ ಫೆಂಡರ್‌ಗೆ ಮೊದಲ ಮಾಲೀಕ ತೂತು ಹೊಡೆಸಿ ಸ್ಕ್ರೂ ಬಿಗಿಸಿದ್ದ. ಮೂರು ಮಳೆಗಾಲದಲ್ಲಿ ಆ ಸ್ಕ್ರೂ ಸುತ್ತ ಬಣ್ಣ ಗುಳ್ಳೆ ಎದ್ದಿತು, ನಾಲ್ಕನೆಯದರಲ್ಲಿ ಬೆರಳು ಹೋಗುವಷ್ಟು ತಗಡು ಉದುರಿತು. ಕಾರಣ ದೊಡ್ಡದೇನಲ್ಲ. ಕಾರ್ಖಾನೆಯಲ್ಲಿ ತಗಡನ್ನು ಪೂರ್ತಿ ತೊಟ್ಟಿಯಲ್ಲಿ ಮುಳುಗಿಸಿ ತುಕ್ಕು ಹಿಡಿಯದ ಲೇಪ ಕೊಟ್ಟಿರುತ್ತಾರೆ. ಡ್ರಿಲ್ ಹಾಕಿದ ತೂತಿನ ಅಂಚಿನಲ್ಲಿ ಆ ಲೇಪ ಇರುವುದಿಲ್ಲ, ಬರೀ ಕಬ್ಬಿಣ. ಅದೂ ಗಾಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಒದ್ದೆಯಾಗುವ ಜಾಗದಲ್ಲಿ. ಡುಮಸ್ ಕಡೆಯ ಉಪ್ಪುಗಾಳಿ ಬೇರೆ ಇದೆ. ಮಂಗಳೂರು, ಮುಂಬೈ, ಚೆನ್ನೈನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಿಂದಿನ ಗಾಲಿಗೆ ಇನ್ನೊಂದು ಕಾರಣ. ಪಿಕಪ್‌ನ ಹಿಂಭಾಗ ನಿಂತಿರುವುದು ಚಾಸಿಸ್ ಮೇಲೆ. ಆ ಉದ್ದನೆಯ ಕಬ್ಬಿಣದ ಮೇಲಿನ, ಕೆಳಗಿನ ಅಂಚಿಗೆ ತೂತು ಕೊರೆಯಬಾರದು ಅಂತ ಬಾಡಿ ಕಟ್ಟುವವರಿಗೆ ಕಂಪನಿಗಳೇ ಹೇಳಿರುತ್ತವೆ. ಭಾರ ಹೊರುವಾಗ ಅತಿ ಹೆಚ್ಚು ಎಳೆತ ಬೀಳುವುದು ಆ ಅಂಚಿಗೇ, ತೂತಿದ್ದರೆ ಬಿರುಕು ಅಲ್ಲಿಂದ ಶುರುವಾಗುತ್ತದೆ. ಅದರ ಪಕ್ಕದಲ್ಲೇ ಬ್ರೇಕಿನ ಪೈಪು, ಹಿಂದಿನ ಲೈಟಿನ ವೈರು ಹೋಗಿರುತ್ತವೆ. ಹತ್ತು ನಿಮಿಷದ ಕೆಲಸದಲ್ಲಿ ಡ್ರಿಲ್ ಎಲ್ಲಿ ಹೋಗುತ್ತದೆ ಅಂತ ಯಾರು ನೋಡುತ್ತಾರೆ? ಗಾಡಿಯ ಸಾಲ ಇನ್ನೂ ಎರಡು ವರ್ಷ ಇದೆ. ತೂತು ಬೇಡ ಅಂತ ತೀರ್ಮಾನ ಮಾಡಿ ಅಂಗಡಿ ಸುತ್ತಲು ಹೊರಟೆ.

ತೂತು ಕೊರೆಯದೆ ಹಾಕುವ ಫ್ಲಾಪ್‌ಗಳಲ್ಲಿ ಮೂರು ಜಾತಿ ಕಂಡೆ. ಒಂದು, ಆಯಾ ಮಾಡೆಲ್‌ಗೆಂದೇ ಅಚ್ಚು ಹಾಕಿದ್ದು. ಗಾಲಿಯ ಗೂಡಿನ ಒಳಗೆ ಪ್ಲಾಸ್ಟಿಕ್ ಲೈನರ್ ಇರುತ್ತದಲ್ಲ, ಅದನ್ನು ಹಿಡಿದಿರುವ ಸ್ಕ್ರೂಗಳನ್ನೇ ಬಿಚ್ಚಿ, ನಡುವೆ ಫ್ಲಾಪ್ ಇಟ್ಟು, ಸ್ವಲ್ಪ ಉದ್ದದ ಸ್ಕ್ರೂ ಹಾಕಿ ಬಿಗಿಸುವುದು. ಎರಡು, ಎಲ್ಲ ಗಾಡಿಗೂ ಆಗುತ್ತದೆ ಅಂತ ಮಾರುವ ಕ್ಲಿಪ್ಪಿನದು. ಇಂಗ್ಲಿಷ್ ‘ಯು’ ಆಕಾರದ ಕಬ್ಬಿಣದ ಕ್ಲಿಪ್ಪು ಫೆಂಡರಿನ ಅಂಚನ್ನು ಕಚ್ಚಿ ಹಿಡಿಯುತ್ತದೆ. ಮೂರು, ಅಂಟಿನ ಟೇಪಿನದು. ಮೂರನೆಯದನ್ನು ಇಲ್ಲಿಗೇ ಬಿಡೋಣ. ಗಾಲಿಯ ಗೂಡಿನಲ್ಲಿ ನೀರು, ಮರಳು, ಬಿಸಿ, ಅದುರುವಿಕೆ ಎಲ್ಲ ಇರುತ್ತದೆ, ಟೇಪಿನ ಮೇಲೆ ನೇತಾಡುವ ಫ್ಲಾಪ್ ಮಳೆಗಾಲ ಮುಗಿಯುವವರೆಗೆ ನಿಲ್ಲುತ್ತದೆ ಅಂತ ನನಗೆ ನಂಬಿಕೆ ಇಲ್ಲ.

ಕ್ಲಿಪ್ಪಿನದು ಕೆಟ್ಟದ್ದಲ್ಲ. ಆದರೆ ಕಬ್ಬಿಣ ನೇರವಾಗಿ ಬಣ್ಣವನ್ನು ಕಚ್ಚಿದರೆ ಅದುರಿ ಅದುರಿ ಬಣ್ಣ ಸವೆಯುತ್ತದೆ. ತೂತು ಹೊಡೆಯದೆಯೂ ತುಕ್ಕಿಗೆ ದಾರಿ ಮಾಡಿಕೊಟ್ಟಂತೆ. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಕ್ಲಿಪ್ಪಿನ ಒಳಗೆ ಇಟ್ಟು ಬಿಗಿಸಿದರೆ ಆ ಚಿಂತೆ ಇಲ್ಲ, ಹಿಡಿತವೂ ಜಾರುವುದಿಲ್ಲ.

ಇನ್ನು ವಸ್ತು. ಅಂಗಡಿಯಲ್ಲಿ ಎಲ್ಲವನ್ನೂ ‘ರಬ್ಬರ್’ ಅಂತಲೇ ಕರೆಯುತ್ತಾರೆ. ಅರ್ಧಕ್ಕರ್ಧ ಗಟ್ಟಿ ಪ್ಲಾಸ್ಟಿಕ್ಕು. ಒಂದನ್ನು ತೆಗೆದು ಎರಡು ಮಡಿಕೆ ಮಾಡಿ ಬಿಟ್ಟೆ, ಮಡಿಕೆ ಬಿದ್ದಲ್ಲಿ ಬಿಳಿ ಗೆರೆ ಮೂಡಿತು. ಅಂಗಡಿಯವ “ಚಾಲ್ಶೇ ಕಾಕಾ, ಚಾಲ್ಶೇ,” ಅಂದ, ಅಂದರೆ ನಡೆಯುತ್ತೆ ಬಿಡಿ ಅಂತ. ಬಿಳಿ ಗೆರೆ ಬಿದ್ದ ಪ್ಲಾಸ್ಟಿಕ್ ಬಿಸಿಲಿಗೆ ಒಂದೇ ವರ್ಷದಲ್ಲಿ ಸೀಳುತ್ತದೆ, ಅದು ನಡೆಯುವುದಿಲ್ಲ. ಒಳ್ಳೆಯದು ಮಡಚಿದರೆ ಗೆರೆ ಇಲ್ಲದೆ ತಾನಾಗಿ ಎದ್ದು ನಿಲ್ಲಬೇಕು. ನೀವು ಅಂಗಡಿಗೆ ಹೋದರೆ ಇದೊಂದು ಪರೀಕ್ಷೆ ಮಾಡಿ. ಬೆಲೆ ಕೇಳುವ ಮೊದಲು.

ಬಣ್ಣಬಣ್ಣದ, ರ‍್ಯಾಲಿ ಕಾರಿಗೆ ಹಾಕುವಂಥ ದೊಡ್ಡ ಫ್ಲಾಪೂ ತೋರಿಸಿದರು. ಬೆಲೆ ಮೂರು ಸಾವಿರಕ್ಕೂ ಮೇಲೆ. ಅಳಿಯನ ಕಣ್ಣು ಕೆಂಪು ಬಣ್ಣದ್ದರ ಮೇಲೆ ನಿಂತಿತ್ತು. “ಸೀರೆ ಸಾಗಸೂ ಗಾಡಿಗೆ ಇದು ಯಾಕಪಾ?” ಅಂದೆ. ಸುಮ್ಮನಾದ.

ನಮ್ಮ ತಲೆಗೆ ಬಹಳ ತಡವಾಗಿ ಹೊಳೆದದ್ದು ಉದ್ದದ ವಿಷಯ. ಮೊದಲು ಖಾಲಿ ಗಾಡಿ ನಿಲ್ಲಿಸಿ ಅಳತೆ ತೆಗೆದುಕೊಂಡಿದ್ದೆವು. ಆಮೇಲೆ ತಾಕಾ ತುಂಬಿದ ದಿನ ಅದೇ ಜಾಗ ಅಳೆದರೆ ಹಿಂಭಾಗ ಮೂರು ಇಂಚು ಕುಸಿದಿದೆ! ಪಿಕಪ್‌ನ ಹಿಂದೆ ಪಟ್ಟಿ ಸ್ಪ್ರಿಂಗು, ಭಾರ ಬಿದ್ದಾಗ ಚಪ್ಪಟೆಯಾಗುತ್ತದೆ. ಖಾಲಿ ಗಾಡಿಗೆ ಸರಿಯಾದ ಫ್ಲಾಪ್ ಲೋಡ್ ಆದಾಗ ಹಂಪ್‌ಗೆ ತಾಗುತ್ತದೆ, ಗಟ್ಟಿ ಪ್ಲಾಸ್ಟಿಕ್ ಆದರೆ ಮುರಿಯುತ್ತದೆ. ಲೋಡಿಗೆ ಸರಿಯಾದದ್ದು ಖಾಲಿ ಇದ್ದಾಗ ಮೇಲಕ್ಕೆ ಹೋಗಿ ಕೆಸರನ್ನು ಬಿಟ್ಟುಕೊಡುತ್ತದೆ. ಖಾಲಿ ಗಾಡಿ ಜೋರಾಗಿಯೂ ಓಡುತ್ತದೆ. ಲಿಂಬಾಯತ್‌ನಲ್ಲಿ ನಮ್ಮ ಗಾಡಿ ಖಾಲಿಯೇ ಇತ್ತು ಅನ್ನುವುದು ಆಗ ನೆನಪಾಯಿತು.

ಕೆಸರು ಎಲ್ಲಿಯವರೆಗೆ ಹಾರುತ್ತದೆ ಅಂತ ತಿಳಿಯಲು ಒಂದು ದಾರ ಸಾಕು. ಟೈರಿನಿಂದ ಬಿಟ್ಟ ನೀರು ಟೈರಿಗೆ ಸವರಿದಂತೆ ನೇರ ಗೆರೆಯಲ್ಲಿ ಹೊರಡುತ್ತದೆ, ಬೀಸುಗಲ್ಲಿನಿಂದ ಹಿಟ್ಟು ಚಿಮ್ಮಿದ ಹಾಗೆ. ದಾರವನ್ನು ಟೈರಿನ ಹಿಂಬದಿಯ ಕೆಳಭಾಗಕ್ಕೆ ತಾಗಿಸಿ, ಫ್ಲಾಪಿನ ಕೆಳ ಅಂಚಿಗೂ ತಾಗುವಂತೆ ಹಿಂದಕ್ಕೆ ಎಳೆಯಿರಿ. ಹತ್ತು ಅಡಿ ಹಿಂದೆ ಆ ದಾರ ಎಷ್ಟು ಎತ್ತರದಲ್ಲಿದೆ ನೋಡಿ. ಹನಿ ಹಾರುವಾಗ ಬಾಗುತ್ತದೆ, ಆದ್ದರಿಂದ ದಾರ ತೋರಿಸುವುದಕ್ಕಿಂತ ಕೆಳಗೇ ಬೀಳುತ್ತದೆ. ಆದರೆ ಅಂದಾಜು ಸಿಗುತ್ತದೆ. ಫ್ಲಾಪ್ ಇಲ್ಲದ ಎಡಗಡೆ ದಾರ ನನ್ನ ತಲೆಯ ಮೇಲೆ ಹೋಯಿತು. ಬಲಗಡೆಯ ಹಳೆ ಫ್ಲಾಪ್ ನೆಲದಿಂದ ಒಂಬತ್ತೂವರೆ ಇಂಚು ಮೇಲಿತ್ತು, ಅಲ್ಲಿ ನಾಲ್ಕೂವರೆ ಅಡಿ. ಅಂದರೆ ಸ್ಕೂಟರಿನ ಮೇಲೆ ಕೂತವರ ಮುಖ! ಫ್ಲಾಪ್ ಇದ್ದ ಬದಿಯ ಲೆಕ್ಕ ಇದು. ಹರಿದುಹೋದದ್ದು ಹರಿಯದೇ ಇದ್ದಿದ್ದರೂ ಆ ಸೀರೆಗಳು ಉಳಿಯುತ್ತಿದ್ದವು ಅಂತ ಹೇಳಲಾರೆ.

ಅಲ್ಲಿಗೆ ಆಯ್ಕೆ ಸುಲಭವಾಯಿತು. ಹಿಂದಿನ ಗಾಲಿಗೆ ಬಾಗುವ ವಸ್ತುವೇ ಬೇಕು. ಬಾಗುವುದಾದರೆ ತೀರ ಕೆಳಗೆ ಇಳಿಬಿಡಬಹುದು, ಲೋಡ್ ಇದ್ದಾಗ ಹಂಪಿಗೆ ತಾಗಿದರೂ ಮಡಚಿ ವಾಪಸ್ ಬರುತ್ತದೆ. ಆದರೆ ತೆಳು ಹಾಳೆಯಾದರೆ ಹೈವೇಯಲ್ಲಿ ಗಾಳಿಗೆ ಹಿಂದಕ್ಕೆ ಹಾರಿ ನಿಲ್ಲುತ್ತದೆ, ಇದ್ದೂ ಇಲ್ಲದಂತೆ. ತೂಕವೂ ಬೇಕು. ಗುಜರಿ ಮಾಲಿನ ಅಂಗಡಿಯಲ್ಲಿ ಹಳೆಯ ಕನ್ವೇಯರ್ ಬೆಲ್ಟಿನ ತುಂಡು ಸಿಕ್ಕಿತು. ಒಳಗೆ ಬಟ್ಟೆಯ ಪದರ ಇರುವ ರಬ್ಬರ್, ಸುಮಾರು ಏಳು ಮಿಲಿಮೀಟರ್ ದಪ್ಪ. ಬಟ್ಟೆ ಇರುವುದರಿಂದ ತೂತಿನಿಂದ ಹರಿಯುವುದಿಲ್ಲ. ಎರಡು ತುಂಡಿಗೆ 300 ರೂಪಾಯಿ. ಅಗಲ ಹನ್ನೊಂದು ಇಂಚು ಕತ್ತರಿಸಿದೆವು, ನಮ್ಮ ಟೈರಿನ ಅಗಲ ಎಂಟೂವರೆ. ಎರಡೂ ಕಡೆ ಒಂದು ಇಂಚಾದರೂ ಹೆಚ್ಚು ಇರಲೇಬೇಕು.

ಯುರೋಪಿನಲ್ಲಿ ದೊಡ್ಡ ಲಾರಿಗಳ ನೀರಿನ ಎರಚಾಟ ತಡೆಯಲಿಕ್ಕೆಂದೇ 1991ರಲ್ಲಿ ನಿಯಮ ಬಂತು. ಅಲ್ಲಿನ ಒಂದು ಬಗೆಯ ಫ್ಲಾಪಿನ ಒಳಮೈ ಹುಲ್ಲಿನ ಚಾಪೆಯಂತಿರುತ್ತದೆ. ಬಡಿದ ನೀರು ಮಂಜಾಗಿ ಸಿಡಿಯದೆ ಹುಲ್ಲಿನ ನಡುವೆ ಇಳಿದು ನೆಲಕ್ಕೆ ಸುರಿಯಲಿ ಅಂತ. ನಮ್ಮ ಬೆಲ್ಟಿನ ಒಂದು ಮೈ ಸವೆದು ಒರಟಾಗಿತ್ತು, ಆ ಕಡೆಯನ್ನು ಟೈರಿನತ್ತ ತಿರುಗಿಸಿದೆವು. ಅದರಿಂದ ಏನಾದರೂ ಲಾಭವಾಯಿತೋ ಗೊತ್ತಿಲ್ಲ, ಅಳಿಯನಿಗೆ ಮಾತ್ರ ಸಮಾಧಾನ.

ಕೂರಿಸುವ ಕೆಲಸ ಭಾನುವಾರ. ಹಿಂದೆ ಕಂಪನಿಯದೇ ಬ್ರಾಕೆಟ್ಟು, ಎರಡು ಬೋಲ್ಟಿನ ತೂತು ಇದ್ದವು. ಬೇಕಾದ ಹೊಸ ತೂತುಗಳನ್ನು ರಬ್ಬರಿಗೆ ಕೊರೆದೆವು, ಗಾಡಿಗಲ್ಲ. ಆದರೆ ಇಷ್ಟು ತೂಕದ ಬೆಲ್ಟು ಎರಡೇ ಬೋಲ್ಟಿಗೆ ನೇತುಬಿದ್ದರೆ ಜಗ್ಗುತ್ತದೆ. ಅದಕ್ಕೆ ಫ್ಲಾಪಿನಷ್ಟೇ ಅಗಲದ ಕಬ್ಬಿಣದ ಪಟ್ಟಿಯನ್ನು ಮೇಲೆ ಇಟ್ಟು ಬಿಗಿಸಿದೆವು, ಎಳೆತ ಇಡೀ ಅಗಲಕ್ಕೆ ಹಂಚಿತು. ಹೊರ ಅಂಚಿಗೆ ಇನ್ನೊಂದು ಆಸರೆಯಾಗಿ ಬಾಡಿಯ ಅಡ್ಡಪಟ್ಟಿಗೆ ಒಂದು ಕ್ಲಾಂಪು, ನಡುವೆ ಟ್ಯೂಬಿನ ತುಂಡು. ಕ್ಲಾಂಪ್ ಹಾಕುವ ಮೊದಲು ಕೈಯಾಡಿಸಿ ಬ್ರೇಕ್ ಪೈಪು, ವೈರು ಅದರ ಅಡಿಯಲ್ಲಿ ಸಿಕ್ಕಿಲ್ಲ ಅಂತ ನೋಡಿಕೊಳ್ಳಿ, ದಯವಿಟ್ಟು. ನಟ್ಟು ನೈಲಾಕಿನದೇ ಹಾಕಿ, ಸಾದಾ ನಟ್ಟು ಅದುರಿ ಬಿಚ್ಚಿಕೊಳ್ಳುತ್ತದೆ. ಟೈರಿನಿಂದ ಫ್ಲಾಪಿಗೆ ಒಂದು ಗೇಣಿನಷ್ಟು ಅಂತರ ಬಿಟ್ಟೆವು, ಮತ್ತೆ ರಿವರ್ಸ್‌ನಲ್ಲಿ ಸಿಕ್ಕಿ ಹರಿಯಬಾರದಲ್ಲ.

ಮುಂದಿನ ಗಾಲಿಗೆ ಮಡಚಿದರೆ ಗೆರೆ ಬೀಳದ, ಅಚ್ಚಿನ ಜೋಡಿಯನ್ನೇ ತಂದೆವು, 450 ರೂಪಾಯಿ. ಲೈನರಿನ ಸ್ಕ್ರೂ ಜಾಗಕ್ಕೆ ಸರಿಯಾಗಿ ಕೂತಿತು. ಪೂರ್ತಿ ಬಿಗಿಸುವ ಮೊದಲು ಸ್ಟೀರಿಂಗ್ ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ ಟೈರು ಉಜ್ಜುತ್ತದೆಯೇ ನೋಡಬೇಕು. ಬಲಗಡೆ ಉಜ್ಜಿತು, ಮೂಲೆಯನ್ನು ಕತ್ತರಿಯಿಂದ ಅರ್ಧ ಇಂಚು ತೆಗೆದೆವು. ಬೆಂಗಳೂರಿನಲ್ಲಿ ಕಾರು ಇಟ್ಟುಕೊಂಡವರಿಗೂ ಇದೇ ದಾರಿ. ಲೈನರಿನಲ್ಲಿ ಸ್ಕ್ರೂ ಎಲ್ಲಿದೆ ಅಂತ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ, ‘ಎಲ್ಲ ಗಾಡಿಗೂ ಆಗುತ್ತೆ’ ಅನ್ನುವ ಮಾತಿಗೆ ದುಡ್ಡು ಕೊಡಬೇಡಿ.

ಪಟ್ಟಿ, ಕ್ಲಾಂಪು, ನಟ್ಟು ಬೋಲ್ಟು 260. ಕೈಗೆ ಕೈ ಕೊಟ್ಟ ಹುಡುಗನಿಗೆ 200. ಒಟ್ಟು 1,210 ರೂಪಾಯಿ. ಮೂರು ಸೀರೆಗೆ ಕೊಟ್ಟದ್ದಕ್ಕಿಂತ ನೂರಾ ಹತ್ತು ಹೆಚ್ಚು.

ಪರೀಕ್ಷೆ ಆಗಬೇಕಿತ್ತು. ನೀರು ನಿಂತ ಒಂದು ಖಾಲಿ ರಸ್ತೆ ಹುಡುಕಿ, ಅಳಿಯನಿಗೆ ಗಾಡಿ ಓಡಿಸಲು ಹೇಳಿ, ನಾನು ಬಿಳಿ ಅಂಗಿ, ಬಿಳಿ ಲುಂಗಿಯಲ್ಲಿ ಪಕ್ಕದ ಮನೆಯವರ ಸ್ಕೂಟರ್ ಹತ್ತಿ ಹಿಂದೆ ಹೊರಟೆ. ಮನೆಯವಳು ಬಾಲ್ಕನಿಯಿಂದ ನೋಡಿ ಒಳಗೆ ಹೋದಳು, ಏನೂ ಅನ್ನಲಿಲ್ಲ. ಮೊದಲ ಸುತ್ತಿನಲ್ಲಿ ಅಂಗಿಗೆ ಒಂದು ಹನಿಯೂ ಇಲ್ಲ, ಆದರೆ ಲುಂಗಿಯಲ್ಲಿ ಮಂಡಿಯವರೆಗೆ ಚುಕ್ಕೆ. ಫ್ಲಾಪನ್ನು ಲೋಡ್ ಇದ್ದಾಗ ಆರೂವರೆ ಇಂಚು ಉಳಿಯುವಂತೆ ಕಟ್ಟಿದ್ದೆವು. ಖಾಲಿ ಗಾಡಿಯಲ್ಲಿ ಅದು ಮತ್ತೆ ಒಂಬತ್ತೂವರೆ, ಹಳೆಯದರಷ್ಟೇ. ಹೊಸದರ ಅಗಲ, ತೂಕದಿಂದ ಸ್ವಲ್ಪ ಸುಧಾರಿಸಿತ್ತು ಅಷ್ಟೇ. ಎರಡು ಇಂಚು ಇಳಿಸಿದೆವು. ಎರಡನೇ ಸುತ್ತಿನಲ್ಲಿ ಪಾದದ ಹತ್ತಿರ ನಾಲ್ಕೈದು ಹನಿ. ಸೀರೆ ಗಂಟು ಇಡುವ ಜಾಗ ಒಣಗಿತ್ತು. ಲೋಡ್ ಆದಾಗ ಹಂಪುಗಳಲ್ಲಿ ಫ್ಲಾಪ್ ನೆಲಕ್ಕೆ ಸವರಿ ಚರ್ ಅನ್ನುತ್ತದೆ, ಅನ್ನಲಿ.

ವಾರದ ನಂತರ ಒಮ್ಮೆ ಎಲ್ಲ ನಟ್ಟುಗಳನ್ನು ಮತ್ತೆ ಬಿಗಿ ಮಾಡಿದೆ. ಒಂದು ಅರ್ಧ ಸುತ್ತು ಸಡಿಲವಾಗಿತ್ತು. ಸೂರತ್ ಪಕ್ಕದ ಎನ್‌ಎಚ್ 48 ಮುಂಬೈ, ಪುಣೆ ದಾಟಿ ನಮ್ಮ ಬೆಳಗಾವಿ, ಹುಬ್ಬಳ್ಳಿಗೆ ಬಂದು ಬೆಂಗಳೂರಿನ ಕಡೆ ಹೋಗುವ ಅದೇ ರಸ್ತೆ. ಕಡೋದರಾದಿಂದ ಪಲಸಾಣಾವರೆಗೆ ಅದರ ಮೇಲೆ ಓಡಿಸಿ ನೋಡಿದೆ. ಬೆಲ್ಟು ಹಾರಲಿಲ್ಲ.

ಮೊನ್ನೆ ಲಿಂಬಾಯತ್‌ನಲ್ಲಿ ಮಾಲು ಇಳಿಸುತ್ತಿದ್ದಾಗ ಆಕೆ ಅದೇ ಸ್ಕೂಟರಿನಲ್ಲಿ ಬಂದಳು. ಗಂಟಿಗೆ ಈಗ ಬಾಯಿ ಕಟ್ಟಿ ಪ್ಲಾಸ್ಟಿಕ್ ಹೊದಿಸಿದ್ದಾಳೆ. ಅಳಿಯ ಹೆಮ್ಮೆಯಿಂದ ಹಿಂದಿನ ಗಾಲಿ ತೋರಿಸಿದ. ಬಗ್ಗಿ ಫ್ಲಾಪ್ ನೋಡಿದಳು, ಕೈಯಿಂದ ಒಮ್ಮೆ ಬಾಗಿಸಿದಳು, “ಬರಾ ಆಹೇ,” ಅಂದಳು, ಪರವಾಗಿಲ್ಲ ಅಂತ. ನಾವು ಗಾಡಿ ಶುರು ಮಾಡಿದಾಗ ಸ್ಕೂಟರನ್ನು ಬದಿಗೆ ಒತ್ತಿ ನಿಂತು, ನಾವು ದೂರ ಹೋಗುವವರೆಗೆ ಕಾದಳು.